ಕಾಫಿಪುಡಿಯ ಘಮ ಉಳಿಸಿಕೊಳ್ಳುವ ಬಗೆ

ಹುರಿದ ಕಾಫಿಬೀಜ ಬಾಣಲೆಯಿಂದಲೋ ಯಂತ್ರದಿಂದಲೋ ಹೊರಬಿದ್ದ ಗಳಿಗೆಯಿಂದಲೇ ತನ್ನ ಪರಿಮಳವನ್ನು ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡತೊಡಗುತ್ತದೆ. ಇದನ್ನು ಪೂರ್ತಿ ತಡೆಯುವ ಉಪಾಯ ಮನೆಯಲ್ಲೂ ಇಲ್ಲ, ಕಾರ್ಖಾನೆಯಲ್ಲೂ ಇಲ್ಲ. ನಿಧಾನ ಮಾಡಬಹುದು, ಅಷ್ಟೆ. ಎಷ್ಟು ನಿಧಾನ ಮಾಡಬಹುದೆಂಬುದು ಕಾಫಿ ಯಾವ ರೂಪದಲ್ಲಿದೆ ಎಂಬುದರ ಮೇಲೆ ನಿಂತಿದೆ. ಸರಿಯಾಗಿ ಒಣಗಿಸಿದ, ಇನ್ನೂ ಹುರಿಯದ ಬೀಜ ಒಂದು ವರ್ಷದವರೆಗೂ ತಾಳುತ್ತದೆ. ಹುರಿದ ಇಡೀ ಬೀಜ ಮೂರು ನಾಲ್ಕು ವಾರ ಚೆನ್ನಾಗಿರುತ್ತದೆ. ಪುಡಿಯಾದ ಮೇಲೆ ಹೆಚ್ಚೆಂದರೆ ಹತ್ತು ಹದಿನೈದು ದಿನ. ಡಿಕಾಕ್ಷನ್ ಇಳಿದ ಮೇಲೆ ಲೆಕ್ಕವೆಲ್ಲ ಗಂಟೆಗಳದು. ಕರ್ನಾಟಕದ ಹೆಚ್ಚಿನ ಮನೆಗಳಿಗೆ ಕಾಫಿ ಬರುವುದು ಮೂರನೆಯ ರೂಪದಲ್ಲಿ, ಅಂದರೆ ಅಂಗಡಿಯಲ್ಲಿ ಬೀಸಿದ ಪುಡಿಯಾಗಿ. ಹೀಗಾಗಿ ಮನೆಯೊಡತಿಯೋ ಯಜಮಾನನೋ ಡಬ್ಬಿಯ ಮುಚ್ಚಳ ಎಷ್ಟೇ ಬಿಗಿದರೂ, ಕಾಫಿಯ ಆಯಸ್ಸಿನ ದೊಡ್ಡ ಪಾಲು ಅಷ್ಟರೊಳಗೆ ಮುಗಿದಿರುತ್ತದೆ.

ಘಮ ಎಲ್ಲಿಂದ ಬಂತೆಂದು ತಿಳಿದರೆ ಎಲ್ಲಿಗೆ ಹೋಗುತ್ತದೆ ಎಂಬುದೂ ಅರ್ಥವಾಗುತ್ತದೆ. ಹುರಿಯದ ಬೀಜಕ್ಕೆ ಕಾಫಿಯ ವಾಸನೆಯೇ ಇರುವುದಿಲ್ಲ. ಮೂಗಿಗೆ ಹಿಡಿದರೆ ಒಣಹುಲ್ಲಿನದೋ ಬಟಾಣಿಯದೋ ಎನ್ನುವಂಥ ಮಂದ ವಾಸನೆ ಬರುತ್ತದೆ. ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿ ಮುಟ್ಟುವ ಹೊತ್ತಿಗೆ ಬೀಜದೊಳಗಿನ ಸಕ್ಕರೆಯೂ ಅಮೈನೊ ಆಮ್ಲಗಳೂ ಒಂದರೊಡನೊಂದು ಕೂಡಿ, ಒಡೆದು, ಮತ್ತೆ ಕೂಡಿ ನೂರಾರು ಹೊಸ ವಸ್ತುಗಳಾಗುತ್ತವೆ. ಸುಲಭವಾಗಿ ಆವಿಯಾಗುವಂಥವನ್ನಷ್ಟೇ ಎಣಿಸಿದರೂ ಇದುವರೆಗೆ ಗುರುತಿಸಿರುವುದು 800ಕ್ಕೂ ಹೆಚ್ಚು. 1920ರ ದಶಕದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹರ್ಮನ್ ಸ್ಟೌಡಿಂಗರ್ ಮತ್ತು ಟಾಡ್ಯೂಸ್ ರೈಕ್‌ಸ್ಟೈನ್ ಕೃತಕವಾಗಿ ಕಾಫಿಯ ಪರಿಮಳ ತಯಾರಿಸುವ ಆಸೆಯಿಂದ ಈ ಗುಂಪನ್ನು ಬಿಡಿಸಿ ನೋಡಲು ಹೊರಟರು. ಮುಂದೆ ಬೇರೆ ಬೇರೆ ಕೆಲಸಗಳಿಗಾಗಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು. ಕಾಫಿಯನ್ನು ಕಾಫಿಯೆಂದು ಮೂಗು ಗುರುತಿಸುವಂತೆ ಮಾಡುವುದರಲ್ಲಿ ಗಂಧಕ ಸೇರಿದ ಕೆಲವು ವಸ್ತುಗಳ ಪಾತ್ರ ದೊಡ್ಡದೆಂದು ಅವರ ಕೆಲಸದಿಂದ ಹೊರಬಂತು. ಇವು ಬೀಜದಲ್ಲಿರುವುದು ಲೆಕ್ಕಕ್ಕೆ ಸಿಗದಷ್ಟು ಅಲ್ಪ. ಗಾಳಿ ಸೋಕಿದರೆ ಮೊದಲು ಕೆಡುವುದೂ ಇವೇ. ಹಳೆಯ ಪುಡಿಯಿಂದ ಮಾಡಿದ ಕಾಫಿಯಲ್ಲಿ ಕಹಿ ಇದ್ದೂ ಕಾಫಿತನ ಇಲ್ಲವೆನಿಸುವುದು ಇದರಿಂದಲೇ. ಕಹಿ ಕೊಡುವ ವಸ್ತುಗಳು ಆವಿಯಾಗುವುದಿಲ್ಲ, ಹಾಗೇ ಕೂತಿರುತ್ತವೆ.

ಹುರಿಯುವಾಗ ಇನ್ನೊಂದು ಬದಲಾವಣೆಯಾಗುತ್ತದೆ. ಬೀಜದ ತೂಕ ಹೆಚ್ಚುಕಡಿಮೆ ಆರರಲ್ಲಿ ಒಂದು ಪಾಲು ಇಳಿಯುತ್ತದೆ, ಗಾತ್ರ ಮಾತ್ರ ಒಂದೂವರೆ ಪಟ್ಟಿಗೂ ಮೀರಿ ಉಬ್ಬುತ್ತದೆ. ಒಳಗೆಲ್ಲ ಸಣ್ಣ ಸಣ್ಣ ಪೊಳ್ಳುಗಳು. ಆ ಪೊಳ್ಳುಗಳ ತುಂಬ ಇಂಗಾಲದ ಡೈಆಕ್ಸೈಡ್ ಒತ್ತಡದಲ್ಲಿ ಸಿಕ್ಕಿಕೊಂಡಿರುತ್ತದೆ. ಒಂದು ಕಿಲೋ ಬೀಜದಿಂದ ಹಲವು ಲೀಟರ್ ಅನಿಲ ಹೊರಬೀಳಬಲ್ಲದು. ಇದು ಕಾಫಿಗೆ ಒಳ್ಳೆಯದೇ. ಒಳಗಿನ ಅನಿಲ ನಿಧಾನವಾಗಿ ಹೊರಕ್ಕೆ ತಳ್ಳುತ್ತಿರುವಷ್ಟು ದಿನ ಹೊರಗಿನ ಆಮ್ಲಜನಕಕ್ಕೆ ಒಳನುಗ್ಗುವುದು ಕಷ್ಟ. ಅನಿಲ ತೀರಿದ ಮೇಲೆ ಗಾಳಿಗೆ ದಾರಿ ಸಲೀಸು.

ಆಮೇಲೆ ನಡೆಯುವುದು ಎಣ್ಣೆಯ ಕಥೆ. ಅರೇಬಿಕಾ ಬೀಜದಲ್ಲಿ ಶೇಕಡಾ 15ರ ಆಸುಪಾಸು ಕೊಬ್ಬಿನಂಶ ಇರುತ್ತದೆ, ರೋಬಸ್ಟಾದಲ್ಲಿ ಶೇಕಡಾ 10ರ ಹತ್ತಿರ. ಪರಿಮಳದ ವಸ್ತುಗಳು ಈ ಎಣ್ಣೆಯಲ್ಲಿ ಕರಗಿ ಕೂತಿರುತ್ತವೆ. ಆಮ್ಲಜನಕ ತಾಗಿದ ಎಣ್ಣೆ ಕ್ರಮೇಣ ಕಮಟಾಗುತ್ತದೆ. ತಿಂಗಳುಗಟ್ಟಲೆ ಬಿಟ್ಟ ಕಡಲೆಕಾಯಿಬೀಜದಲ್ಲಿ ಬರುವ ವಾಸನೆಯೂ ಇದೇ ಜಾತಿಯದು. ಕಪ್ಪಗಾಗುವಷ್ಟು ಹುರಿದ ಬೀಜದಲ್ಲಿ ಎಣ್ಣೆ ಮೇಲ್ಮೈಗೇ ಬಂದು ಹೊಳೆಯುತ್ತಿರುತ್ತದೆ. ಅದನ್ನು ನೋಡಿ ಒಳ್ಳೆಯ ಮಾಲೆಂದು ಹಿಗ್ಗುವವರುಂಟು, ಆದರೆ ಕಂದುಬಣ್ಣಕ್ಕೆ ನಿಲ್ಲಿಸಿದ ಬೀಜಕ್ಕಿಂತ ಬೇಗ ಕೆಡುವುದು ಆ ಬೀಜವೇ.

ಆಮ್ಲಜನಕದ ಜತೆಗೆ ತೇವ, ಬಿಸಿ, ಬೆಳಕು ಇವೂ ಸೇರಿಕೊಳ್ಳುತ್ತವೆ. ಬಹಳಷ್ಟು ರಾಸಾಯನಿಕ ಕ್ರಿಯೆಗಳಂತೆ ಇಲ್ಲಿಯೂ ಉಷ್ಣತೆ 10 ಡಿಗ್ರಿ ಏರಿದರೆ ಕೆಡುವ ವೇಗ ಸ್ಥೂಲವಾಗಿ ಇಮ್ಮಡಿಯಾಗುತ್ತದೆ ಎನ್ನಬಹುದು. ಬಿಸಿಲು ಬೀಳುವ ಕಿಟಕಿಯ ಪಕ್ಕದ ಗಾಜಿನ ಬಾಟಲಿ ನೋಡಲು ಚೆಂದ, ಪುಡಿಗೆ ಅದಕ್ಕಿಂತ ಕೆಟ್ಟ ಜಾಗವಿಲ್ಲ.

ಇಡೀ ಬೀಜಕ್ಕೂ ಪುಡಿಗೂ ಇರುವ ವ್ಯತ್ಯಾಸವನ್ನು ಸಾಮಾನ್ಯವಾಗಿ ಯಾರೂ ಸರಿಯಾಗಿ ಅಂದಾಜು ಮಾಡುವುದಿಲ್ಲ. ಫಿಲ್ಟರಿಗೆ ಬೇಕಾದ ಹದಕ್ಕೆ ಬೀಸಿದಾಗ ಒಂದೊಂದು ಬೀಜವೂ ಸಾವಿರಾರು ಚೂರುಗಳಾಗುತ್ತದೆ. ಗಾಳಿಗೆ ತೆರೆದುಕೊಳ್ಳುವ ಮೇಲ್ಮೈ ಹಲವು ಪಟ್ಟು ಹಿಗ್ಗುತ್ತದೆ, ಪೊಳ್ಳುಗಳ ಗೋಡೆ ಒಡೆಯುತ್ತದೆ, ಅನಿಲದ ದೊಡ್ಡ ಪಾಲು ಬೀಸುವಾಗಲೂ ಬೀಸಿದ ಕೆಲವೇ ನಿಮಿಷಗಳಲ್ಲೂ ಹೊರಟುಹೋಗುತ್ತದೆ. ಬೆಂಗಳೂರಿನ ಗಾಂಧಿಬಜಾರಿನಲ್ಲೋ ಮೈಸೂರಿನ ಯಾವುದೋ ಬೀದಿಯಲ್ಲೋ ಕಾಫಿ ಬೀಸುವ ಅಂಗಡಿಯ ಮುಂದೆ ಹಾದುಹೋಗುವವರ ಮೂಗಿಗೆ ಬೀಳುವ ಘಮಘಮ ಬೇರೇನೂ ಅಲ್ಲ, ಗಿರಾಕಿಯ ಪೊಟ್ಟಣಕ್ಕೆ ಸೇರದೆ ಬೀದಿಪಾಲಾದ ಸರಕು. ಮನೆಯಲ್ಲಿ ಒಂದು ಚಿಕ್ಕ ಕೈಗಿರಣಿ ಇಟ್ಟುಕೊಂಡು ಆಯಾ ಹೊತ್ತಿನ ಕಾಫಿಗೆ ಬೇಕಾದಷ್ಟನ್ನೇ ಬೀಸಿಕೊಂಡರೆ, ಎಂಥ ದುಬಾರಿ ಡಬ್ಬಿಯೂ ಕೊಡಲಾರದಷ್ಟು ಲಾಭವಿದೆ. ಮಸಾಲೆ ಅರೆಯುವ ಮಿಕ್ಸಿಯ ಜಾರಿನಲ್ಲಿ ಈ ಕೆಲಸ ಮಾಡಬಾರದು. ಧನಿಯ, ಮೆಣಸಿನ ವಾಸನೆ ಎಷ್ಟು ತೊಳೆದರೂ ಉಳಿದಿರುತ್ತದೆ.

ಪ್ರತಿದಿನ ಬೀಸುವ ವ್ಯವಧಾನ ಎಲ್ಲರಿಗೂ ಇರುವುದಿಲ್ಲ. ಅಂಥವರಿಗೆ ಉಳಿದಿರುವ ದಾರಿ ಕಡಿಮೆ ಕೊಳ್ಳುವುದು. ಒಂದು ಲೋಟ ಕಾಫಿಗೆ ಸುಮಾರು 10 ಗ್ರಾಂ ಪುಡಿಯೆಂದು ಹಿಡಿದರೆ, ದಿನಕ್ಕೆ ಎರಡು ಹೊತ್ತು ಕುಡಿಯುವ ಇಬ್ಬರಿರುವ ಮನೆಗೆ ದಿನಕ್ಕೆ 40 ಗ್ರಾಂ ಸಾಕು. ಕಾಲು ಕಿಲೋ ಪುಡಿ ಆರು ದಿನಕ್ಕೆ ಮುಗಿಯುತ್ತದೆ, ಅರ್ಧ ಕಿಲೋ ಹನ್ನೆರಡು ದಿನಕ್ಕೆ. ನಾಲ್ಕು ಜನರಿರುವ ಮನೆಯಲ್ಲಿ ಅರ್ಧ ಕಿಲೋ ವಾರ ದಾಟುವುದಿಲ್ಲ. ತಿಂಗಳ ದಿನಸಿ ಪಟ್ಟಿಯಲ್ಲಿ ಬೇಳೆ, ಸಕ್ಕರೆ, ಎಣ್ಣೆಯ ಜತೆಗೆ ಎರಡು ಕಿಲೋ ಕಾಫಿಪುಡಿಯನ್ನೂ ಬರೆದುಬಿಡುವ ಅಭ್ಯಾಸ ಅನುಕೂಲದ್ದು ನಿಜ. ಆದರೆ ಮೂರನೆಯ, ನಾಲ್ಕನೆಯ ವಾರ ಆ ಮನೆಯವರು ಕುಡಿಯುವುದು ಬೇರೆಯದೇ ಕಾಫಿ. ಹಿಂದಿನ ತಲೆಮಾರಿನವರು ವಾರಕ್ಕೊಮ್ಮೆ ಚೀಲ ಹಿಡಿದು ಕಾಫಿ ವರ್ಕ್ಸಿಗೆ ಹೋಗಿ, ಕಣ್ಣೆದುರಿಗೇ ಬೀಸಿಸಿಕೊಂಡು ಬರುತ್ತಿದ್ದ ಪದ್ಧತಿಯೇ ಪುಡಿಯ ಸ್ವಭಾವಕ್ಕೆ ಹೆಚ್ಚು ಹೊಂದುತ್ತಿತ್ತು.

ಹಾಗೆ ಬೀಸಿಸಿದ ಪುಡಿ ಮುಟ್ಟಿದರೆ ಕೈಗೆ ಬಿಸಿ ತಾಗುತ್ತದೆ. ಮನೆಗೆ ಬಂದೊಡನೆ ಆ ಬಿಸಿಯಲ್ಲೇ ಡಬ್ಬಿಗೆ ತುಂಬಿ ಬಿಗಿಮಾಡಿದರೆ ಸೆಕೆ ಒಳಗೇ ಉಳಿದುಕೊಳ್ಳುತ್ತದೆ. ಹಾಗೆಂದು ತಟ್ಟೆಗೆ ಹರಡಿ ಆರಿಸುವುದು ಇನ್ನೂ ದೊಡ್ಡ ತಪ್ಪು. ಪೊಟ್ಟಣವನ್ನು ಮಡಿಸಿದಂತೆಯೇ ಒಂದು ಗಂಟೆ ಬಿಟ್ಟು, ತಣ್ಣಗಾದ ಮೇಲೆ ತುಂಬಿಸುವುದು ಸರಿ.

ಪೇಟೆಯಲ್ಲಿ ಸಿಗುವ ಮುಚ್ಚಿದ ಪ್ಯಾಕೆಟ್‌ಗಳ ಹಿಂದೆ ಒಂದು ಶತಮಾನಕ್ಕೂ ಮೀರಿದ ಪ್ರಯೋಗವಿದೆ. ಸ್ಯಾನ್ ಫ್ರಾನ್ಸಿಸ್ಕೋದ ಹಿಲ್ಸ್ ಬ್ರದರ್ಸ್ ಕಂಪನಿ 1900ರಲ್ಲಿ ಗಾಳಿ ಹೀರಿ ತೆಗೆದ ತಗಡಿನ ಡಬ್ಬಿಗಳಲ್ಲಿ ಕಾಫಿ ಮಾರಲು ಶುರುಮಾಡಿತು. ಆಮ್ಲಜನಕದ ಕಾಟ ತಪ್ಪಿತು, ಅನಿಲದ್ದು ಉಳಿಯಿತು. ಆಗತಾನೆ ಹುರಿದ ಬೀಜವನ್ನು ಹೀಗೆ ಮುಚ್ಚಿದರೆ ಅದು ಬಿಡುವ ಇಂಗಾಲದ ಡೈಆಕ್ಸೈಡ್ ಪೊಟ್ಟಣವನ್ನು ಉಬ್ಬಿಸಿ ಒಡೆಯಬಹುದು. ಅದಕ್ಕಾಗಿ ಮುಚ್ಚುವ ಮೊದಲು ಕಾಫಿಯನ್ನು ಸುಮ್ಮನೆ ಹೊರಗಿಟ್ಟು ಅನಿಲ ಬಿಡಿಸಬೇಕಿತ್ತು. ಅಷ್ಟರಲ್ಲಿ ಘಮವೂ ಹೋಗುತ್ತಿತ್ತು. 1960ರ ದಶಕದ ಕೊನೆಯ ಹೊತ್ತಿಗೆ ಇಟಲಿಯ ಗೋಲಿಯೊ ಕಂಪನಿ ಇದಕ್ಕೊಂದು ಪರಿಹಾರ ತಂದಿತು. ಪ್ಯಾಕೆಟ್ಟಿನ ಮೇಲೆ ಗುಂಡಿಯಂತೆ ಕಾಣುವ ಪುಟ್ಟ ಕವಾಟ ಅದು. ಒಳಗಿನ ಅನಿಲವನ್ನು ಹೊರಗೆ ಬಿಡುತ್ತದೆ, ಹೊರಗಿನ ಗಾಳಿಯನ್ನು ಒಳಕ್ಕೆ ಬಿಡುವುದಿಲ್ಲ. ಅಂಗಡಿಯಲ್ಲಿ ಅದನ್ನು ಒತ್ತಿ ಮೂಸಿ ನೋಡುವವರು ಬಹಳ. ವಾಸನೆ ತಿಳಿಯುತ್ತದೆ, ನಿಜ. ಕವಾಟ ಇಟ್ಟಿದ್ದು ಮಾತ್ರ ಅದಕ್ಕಲ್ಲ.

ಇಂಥ ಪ್ಯಾಕೆಟ್ ತೆರೆಯದೆ ಇದ್ದರೆ ಕೆಲವು ತಿಂಗಳು ತಾಳಬಲ್ಲದು. ಕತ್ತರಿ ಹಾಕಿದ ಮೇಲೆ ಅದಕ್ಕೂ ಅಂಗಡಿಯ ಕಾಗದದ ಪೊಟ್ಟಣಕ್ಕೂ ವ್ಯತ್ಯಾಸ ಕಡಿಮೆ. ಪ್ಯಾಕೆಟ್ ಮೇಲೆ ಅಚ್ಚಾಗಿರುವ ‘ಇಂತಿಷ್ಟು ತಿಂಗಳೊಳಗೆ ಬಳಸಿ’ ಎಂಬ ಮಾತು ಮುಚ್ಚಿದ ಸ್ಥಿತಿಗೆ ಹೇಳಿದ್ದು. ಕೊಳ್ಳುವವರು ನೋಡಬೇಕಾದ್ದು ಹುರಿದ ದಿನಾಂಕ; ಅದು ಇಲ್ಲದಿದ್ದರೆ ಪ್ಯಾಕ್ ಮಾಡಿದ ದಿನಾಂಕ. ಇಟ್ಟಿಗೆಯಂತೆ ಗಟ್ಟಿಯಾಗಿರುವ ನಿರ್ವಾತ ಪೊಟ್ಟಣ ಮೆತ್ತಗಾಗಿದ್ದರೆ ಎಲ್ಲೋ ಗಾಳಿ ಹೊಕ್ಕಿದೆಯೆಂದು ತಿಳಿದು ಬಿಟ್ಟುಬಿಡುವುದು ಮೇಲು.

ದಕ್ಷಿಣ ಭಾರತದ ಕಾಫಿಪುಡಿಗೆ ಚಿಕೋರಿಯೆಂಬ ಇನ್ನೊಂದು ವಿಷಯವೂ ಅಂಟಿಕೊಂಡಿದೆ. ಹುರಿದು ಪುಡಿಮಾಡಿದ ಈ ಗೆಡ್ಡೆ ಡಿಕಾಕ್ಷನ್ನಿಗೆ ಬಣ್ಣವನ್ನೂ ದಪ್ಪವನ್ನೂ ಕೊಡುತ್ತದೆ. 80-20, 70-30, 60-40 ಎಂದು ಅಂಗಡಿಯವರು ಕೇಳುವುದು ಕಾಫಿ-ಚಿಕೋರಿಗಳ ಈ ಪಾಲನ್ನೇ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿಯ ಪಾಲು ಕನಿಷ್ಠ ಶೇಕಡಾ 51 ಇರಬೇಕು, ಎಷ್ಟೆಷ್ಟು ಬೆರೆತಿದೆಯೆಂದು ಪ್ಯಾಕೆಟ್ ಮೇಲೆ ನಮೂದಿಸಬೇಕು ಎಂಬುದು ಭಾರತದ ಆಹಾರ ಕಾನೂನು. ಸಂಗ್ರಹದ ದೃಷ್ಟಿಯಿಂದ ಮುಖ್ಯವಾದ ಗುಣವೆಂದರೆ ಚಿಕೋರಿ ಗಾಳಿಯ ತೇವವನ್ನು ಕಾಫಿಗಿಂತ ಹೆಚ್ಚು ಆತುರದಿಂದ ಹೀರುತ್ತದೆ. ಅದರಲ್ಲಿ ಸಕ್ಕರೆಯಂಶ ಜಾಸ್ತಿ. ಮಳೆಗಾಲದಲ್ಲಿ ಪುಡಿ ಗಂಟುಕಟ್ಟುವುದು, ಡಬ್ಬಿಯ ತಳಕ್ಕೆ ಅಂಟುವುದು, ಫಿಲ್ಟರಿನ ತೂತು ಕಟ್ಟಿಕೊಂಡು ಡಿಕಾಕ್ಷನ್ ಇಳಿಯಲು ಹಟ ಮಾಡುವುದು, ಇವುಗಳ ಹಿಂದೆ ಬಹುಮಟ್ಟಿಗೆ ಚಿಕೋರಿಯ ಕೈವಾಡವಿದೆ. ಶುದ್ಧ ಕಾಫಿಪುಡಿಯೂ ತೇವ ಹೀರುತ್ತದೆ, ಆದರೆ ಇಷ್ಟು ಬೇಗ ಗಂಟಾಗುವುದಿಲ್ಲ. ಹೆಚ್ಚು ಚಿಕೋರಿಯ ರುಚಿ ಬೇಕಾದವರು ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿಟ್ಟು ಫಿಲ್ಟರಿಗೆ ಹಾಕುವಾಗ ಬೆರೆಸಿಕೊಳ್ಳಬಹುದು. ಸ್ವಲ್ಪ ರಗಳೆಯ ಕೆಲಸ, ಜೂನ್-ಜುಲೈಯಲ್ಲಿ ಆಗುಂಬೆಯಂಥ ಊರುಗಳಲ್ಲಿರುವವರಿಗೆ ಅದು ರಗಳೆಯೆನಿಸಲಿಕ್ಕಿಲ್ಲ.

ಊರಿನ ಹವೆಯ ಮೇಲೆ ಸಂಗ್ರಹದ ರೀತಿಯೂ ಬದಲಾಗಬೇಕು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಪುಡಿಗೆ ಶತ್ರು ಬಿಸಿ. ಅಲ್ಲಿ ಗಾಳಿ ಒಣದಾಗಿರುತ್ತದೆ, ಮನೆಯೊಳಗಿನ ತಂಪಾದ ಕೋಣೆ ಹುಡುಕಿದರೆ ಅರ್ಧ ಕೆಲಸ ಮುಗಿಯಿತು. ಮಂಗಳೂರು, ಕಾರವಾರದಲ್ಲಿ ತೇವವೇ ಶತ್ರು. ಮಳೆಗಾಲದಲ್ಲಂತೂ ಮುಚ್ಚಳ ತೆರೆದಿಟ್ಟ ಐದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು, ಹಾಸನ, ಮೈಸೂರಿನ ಹವೆಗೆ ಸಾಧಾರಣ ಎಚ್ಚರ ಸಾಕು.

ಡಬ್ಬಿ ಎಂಥದಿರಬೇಕು? ಬಿಗಿಯಾದ ಮುಚ್ಚಳ, ಬೆಳಕು ಬಿಡದ ಮೈ, ವಾಸನೆ ಹಿಡಿಯದ ಒಳಭಾಗ. ಈ ಮೂರು ಇದ್ದರೆ ಹೆಸರು ಯಾವುದಾದರೂ ಆದೀತು. ಸ್ಟೀಲಿನ ಡಬ್ಬಿ ಬೆಳಕನ್ನು ತಡೆಯುತ್ತದೆ, ವಾಸನೆ ಹಿಡಿಯುವುದಿಲ್ಲ. ಅದರ ದೌರ್ಬಲ್ಯವೆಲ್ಲ ಮುಚ್ಚಳದಲ್ಲಿ: ಡಬ್ಬಿಯ ಮೇಲೆ ಸುಮ್ಮನೆ ಕೂರುವ ಮುಚ್ಚಳಗಳು ಗಾಳಿಗೆ ಅಡ್ಡಿ ಮಾಡುವುದೇ ಇಲ್ಲ. ರಬ್ಬರಿನ ಸುತ್ತುಪಟ್ಟಿ ಇರುವ, ಒತ್ತಿದರೆ ಟಪ್ಪೆಂದು ಕೂರುವ ಮುಚ್ಚಳವೇ ಬೇಕು. ತಿರುಪಿನ ಮುಚ್ಚಳದ ಗಾಜಿನ ಬಾಟಲಿ, ಅದರಲ್ಲೂ ಕನ್ನಡದ ಎಷ್ಟೋ ಅಡುಗೆಮನೆಗಳಲ್ಲಿ ಎರಡನೆಯ ಜನ್ಮ ತಳೆದಿರುವ ಹಾರ್ಲಿಕ್ಸ್ ಬಾಟಲಿ, ಗಾಳಿ ತಡೆಯುವುದರಲ್ಲಿ ಸಾದಾ ಸ್ಟೀಲ್ ಡಬ್ಬಿಗಿಂತ ಗಟ್ಟಿ. ಅದನ್ನು ಕತ್ತಲೆಯ ಕಪಾಟಿನೊಳಗಿಟ್ಟರೆ ಬೆಳಕಿನ ದೋಷವೂ ಕಳೆಯುತ್ತದೆ. ತೆಳು ಪ್ಲಾಸ್ಟಿಕ್ ಡಬ್ಬಿಗಳು ಕಣ್ಣಿಗೆ ಬಿಗಿಯಾಗಿ ಕಂಡರೂ ಆಮ್ಲಜನಕ ಅವುಗಳ ಗೋಡೆಯ ಮೂಲಕವೇ ನಿಧಾನವಾಗಿ ತೂರುತ್ತದೆ, ಹಿಂದೆ ಅದರಲ್ಲಿದ್ದ ಉಪ್ಪಿನಕಾಯಿ ಅಥವಾ ಸಾರಿನಪುಡಿಯ ವಾಸನೆಯೂ ಬಿಡುವುದಿಲ್ಲ. ಕಾಫಿಗೆ ಬೇರೆಯವರ ವಾಸನೆ ಹೀರುವ ಶಕ್ತಿ ಎಷ್ಟಿದೆಯೆಂದರೆ, ಫ್ರಿಜ್ಜಿನ ದುರ್ವಾಸನೆ ಹೋಗಲಾಡಿಸಲು ಒಂದು ಬಟ್ಟಲಲ್ಲಿ ಕಾಫಿಪುಡಿ ಇಡುವವರಿದ್ದಾರೆ. ಇಂಗಿನ ಡಬ್ಬಿಯ ನೆರೆಯಲ್ಲಿ ಕಾಫಿ ಇಡಬಾರದೆನ್ನಲು ಬೇರೆ ಸಾಕ್ಷಿ ಬೇಡ.

ಡಬ್ಬಿಯ ಗಾತ್ರದ ಕಡೆಗೆ ಗಮನ ಹೋಗುವುದು ಅಪರೂಪ. ಒಂದು ಕಿಲೋ ಹಿಡಿಯುವ ಡಬ್ಬಿಯ ತಳದಲ್ಲಿ ನಾಲ್ಕು ಚಮಚ ಪುಡಿ ಉಳಿದಿದ್ದರೆ, ಉಳಿದ ಜಾಗದಲ್ಲೆಲ್ಲ ಇರುವುದು ಗಾಳಿ. ಪ್ರತಿಸಲ ಮುಚ್ಚಳ ತೆರೆದಾಗಲೂ ಆ ಗಾಳಿ ಬದಲಾಗಿ ಹೊಸ ಆಮ್ಲಜನಕ ತುಂಬುತ್ತದೆ. ತಂದ ಪುಡಿಯನ್ನು ಎರಡು ಪಾಲು ಮಾಡಿ, ದಿನಬಳಕೆಯದನ್ನು ಚಿಕ್ಕ ಡಬ್ಬಿಯಲ್ಲೂ ಮಿಕ್ಕಿದ್ದನ್ನು ತೆರೆಯದೆ ಇನ್ನೊಂದರಲ್ಲೂ ಕಂಠಮಟ್ಟ ತುಂಬಿಡುವುದು ಖರ್ಚಿಲ್ಲದ ಉಪಾಯ. ಪ್ಯಾಕೆಟ್ಟಿನಲ್ಲೇ ಇಡುವುದಾದರೆ ಬಳಸಿದ ಪ್ರತಿಸಲವೂ ಗಾಳಿ ಹಿಂಡಿ, ಬಾಯನ್ನು ಎರಡು ಮೂರು ಸುತ್ತು ಮಡಿಸಿ, ಬಟ್ಟೆಗೆ ಹಾಕುವ ಕ್ಲಿಪ್ ಸಿಕ್ಕಿಸಿದರೂ ಸಾಕು. ಒಳಮೈಗೆ ಅಲ್ಯೂಮಿನಿಯಂ ಹಾಳೆ ಇರುವ ಒಳ್ಳೆಯ ಪ್ಯಾಕೆಟ್ ಎಷ್ಟೋ ಡಬ್ಬಿಗಳಿಗಿಂತ ಮೇಲು. ಹೊಸ ಪುಡಿಯನ್ನು ಹಳೆಯದರ ಮೇಲೆ ಸುರಿಯುವ ಅಭ್ಯಾಸ ಬಿಡಬೇಕು. ಡಬ್ಬಿಯ ಗೋಡೆಗೆ ಅಂಟಿದ ಹಳೆಯ ಎಣ್ಣೆಯ ಜಿಡ್ಡು ಕಮಟು ವಾಸನೆಯನ್ನು ಹೊಸದಕ್ಕೂ ದಾಟಿಸುತ್ತದೆ. ಖಾಲಿಯಾದಾಗಲೆಲ್ಲ ಬಿಸಿನೀರು, ಸೋಪಿನಿಂದ ತೊಳೆದು, ಪೂರ್ತಿ ಒಣಗಿಸಿ ತುಂಬಬೇಕು.

ಇಡುವ ಜಾಗದ ವಿಷಯದಲ್ಲಿ ಅನುಕೂಲವೂ ವಿವೇಕವೂ ಎದುರುಬದುರಾಗುತ್ತವೆ. ಸಕ್ಕರೆ, ಟೀ, ಕಾಫಿಯ ಡಬ್ಬಿಗಳು ಒಲೆಯ ಪಕ್ಕದ ಕಟ್ಟೆಯ ಮೇಲೋ ಒಲೆಯ ನೆತ್ತಿಯ ಗೂಡಿನಲ್ಲೋ ಸಾಲಾಗಿ ಕೂತಿರುವುದು ಎಲ್ಲ ಮನೆಗಳ ನೋಟ. ಸಕ್ಕರೆಗೆ ಅದರಿಂದ ನಷ್ಟವಿಲ್ಲ. ಕಾಫಿಗೆ ಅಲ್ಲಿ ಬಿಸಿ, ಆವಿ, ಒಗ್ಗರಣೆಯ ಹೊಗೆ ಮೂರೂ ತಪ್ಪದೆ ಸಿಗುತ್ತವೆ. ಫ್ರಿಜ್ಜಿನ ತಲೆಯ ಮೇಲೂ ಬೇಡ, ಅದರ ಹಿಂಬದಿಯಿಂದ ಬಿಸಿಗಾಳಿ ಏಳುತ್ತಿರುತ್ತದೆ. ಒಲೆಯಿಂದ ದೂರದ, ಕೆಳಗಿನ ಮುಚ್ಚಿದ ಕಪಾಟು ಸರಿಯಾದ ಜಾಗ. ಇನ್ನೊಂದು ಸಣ್ಣ ಸಂಗತಿ: ಫಿಲ್ಟರಿನ ಪಕ್ಕ ನೀರು ಕುದಿಯುತ್ತಿರುವಾಗ ಡಬ್ಬಿಯನ್ನು ಆ ಆವಿಯ ಮೇಲೆಯೇ ಹಿಡಿದು ಪುಡಿ ತೋಡುವುದು ಕೈಗೆ ರೂಢಿಯಾಗಿಬಿಟ್ಟಿರುತ್ತದೆ. ಮೊದಲು ಪುಡಿ ಹಾಕಿ, ಡಬ್ಬಿ ಮುಚ್ಚಿ ಒಳಗಿಟ್ಟು, ಆಮೇಲೆ ನೀರಿನ ಪಾತ್ರೆ ಎತ್ತಿದರೆ ತೊಂದರೆಯೇ ಇಲ್ಲ. ಒದ್ದೆ ಚಮಚ ಹಾಕಬಾರದೆಂಬುದು ಎಲ್ಲರಿಗೂ ಗೊತ್ತಿರುವ ನಿಯಮ, ಪಾಲಿಸುವವರು ಕಡಿಮೆ.

ಫ್ರಿಜ್ಜಿನಲ್ಲಿ ಇಡಬಹುದೇ ಎಂಬ ಪ್ರಶ್ನೆಗೆ ಪ್ರತಿ ಮನೆಯಲ್ಲೂ ಎರಡು ಪಕ್ಷಗಳಿವೆ, ಎರಡರಲ್ಲೂ ಸ್ವಲ್ಪ ಸತ್ಯವಿದೆ. ತಂಪಿನಲ್ಲಿ ಕೆಡುವಿಕೆ ನಿಧಾನವಾಗುತ್ತದೆ ಎಂಬುದು ನಿರ್ವಿವಾದ. ತೊಂದರೆ ಬರುವುದು ಹೊರತೆಗೆದಾಗ. 4 ಡಿಗ್ರಿಯ ಸುಮಾರಿನಲ್ಲಿದ್ದ ಡಬ್ಬಿಯನ್ನು ತೆರೆದೊಡನೆ ಹೊರಗಿನ ತೇವದ ಗಾಳಿ ಒಳಹೊಕ್ಕು ತಣ್ಣನೆಯ ಪುಡಿಯ ಮೇಲೆ ನೀರಾಗಿ ಕೂರುತ್ತದೆ. ಫ್ರಿಜ್ಜಿನಿಂದ ತೆಗೆದ ನೀರಿನ ಬಾಟಲಿಯ ಹೊರಮೈ ಬೆವರುವಂತೆ ಪುಡಿಯ ಕಣಕಣವೂ ಬೆವರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ. ದಿನಕ್ಕೆ ಎರಡು ಸಲದಂತೆ ಹದಿನೈದು ದಿನ ಇದು ನಡೆದರೆ ಪುಡಿ ಎಷ್ಟು ಸಲ ಒದ್ದೆಯಾಯಿತೆಂದು ಲೆಕ್ಕ ಹಾಕಬಹುದು. ಕರಾವಳಿಯ ಮಳೆಗಾಲದಲ್ಲಿ ಇದರ ಹಾನಿ ತಂಪಿನ ಲಾಭಕ್ಕಿಂತ ಹೆಚ್ಚು. ಜತೆಗೆ ನಿನ್ನೆಯ ಹುಳಿ, ಹೆಚ್ಚಿಟ್ಟ ಈರುಳ್ಳಿಯ ವಾಸನೆ ಬೇರೆ. ದಿನಬಳಕೆಯ ಡಬ್ಬಿಗೆ ಫ್ರಿಜ್ ತಕ್ಕ ಜಾಗವಲ್ಲ ಎಂಬುದೇ ಒಟ್ಟು ತೀರ್ಮಾನ.

ಫ್ರೀಜರಿನ ಮಾತು ಬೇರೆ. ಸೊನ್ನೆಗಿಂತ 18 ಡಿಗ್ರಿ ಕೆಳಗೆ ಕಾಫಿಯ ರಾಸಾಯನಿಕ ಬದುಕು ಬಹುಮಟ್ಟಿಗೆ ನಿಂತಂತೆಯೇ. ಷರತ್ತು ಒಂದೇ: ಒಮ್ಮೆ ಇಟ್ಟದ್ದನ್ನು ಮತ್ತೆ ಮತ್ತೆ ತೆಗೆದಿಡಬಾರದು. ವಾರಕ್ಕೆ ಬೇಕಾದಷ್ಟರ ಚಿಕ್ಕ ಪೊಟ್ಟಣಗಳನ್ನು ಮಾಡಿ, ಗಾಳಿ ಹಿಂಡಿ, ಎರಡು ಪದರ ಮುಚ್ಚಿ ಇಡಬೇಕು. ಬೇಕಾದಾಗ ಒಂದನ್ನು ಹೊರತೆಗೆದು, ತೆರೆಯದೆ ರಾತ್ರಿಯಿಡೀ ಅಡುಗೆಮನೆಯಲ್ಲಿ ಬಿಟ್ಟು, ಹವೆಯ ಬಿಸಿಗೆ ಬಂದ ಮೇಲೆ ಬಿಚ್ಚಬೇಕು. ಬೆವರುವುದು ಪೊಟ್ಟಣದ ಹೊರಮೈ, ಪುಡಿ ಒಣಗಿಯೇ ಇರುತ್ತದೆ. ಅದನ್ನು ಮರಳಿ ಫ್ರೀಜರಿಗೆ ಕಳಿಸಬಾರದು. ಬೆಂಗಳೂರಿನಿಂದ ಅಮೆರಿಕಕ್ಕೋ ಆಸ್ಟ್ರೇಲಿಯಕ್ಕೋ ಹೊರಟ ಕನ್ನಡಿಗರ ಸೂಟ್‌ಕೇಸಿನಲ್ಲಿ ಹುಳಿಪುಡಿ, ಚಟ್ನಿಪುಡಿಗಳ ನಡುವೆ ಕೂತು ಹೋಗುವ ನಾಲ್ಕೈದು ಕಿಲೋ ಕಾಫಿಪುಡಿಯನ್ನು ಮುಂದಿನ ರಜದವರೆಗೆ ಉಳಿಸಿಕೊಳ್ಳುವ ದಾರಿಯೂ ಇದೇ. ಕೊಳ್ಳುವಾಗಲೇ ಕಾಲು ಕಾಲು ಕಿಲೋ ಪ್ಯಾಕ್ ಮಾಡಿಸಿಕೊಂಡರೆ ಮತ್ತೆ ಬಿಚ್ಚಿ ಹಂಚುವ ಕೆಲಸ ತಪ್ಪುತ್ತದೆ. ಇಡೀ ಬೀಜವನ್ನು ಫ್ರೀಜ್ ಮಾಡುವವರು ತಣ್ಣಗಿರುವಾಗಲೇ ಬೀಸಿದರೂ ನಡೆಯುತ್ತದೆ. ತಣಿಸಿದ ಬೀಜ ಹೆಚ್ಚು ಸಮನಾಗಿ ಪುಡಿಯಾಗುತ್ತದೆಂದು ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ.

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆಯ ಬೆಳೆಗಾರರ ಮನೆಗಳಲ್ಲಿ ಪುಡಿಯ ಚಿಂತೆ ಇಷ್ಟಿಲ್ಲ. ವರ್ಷಕ್ಕೆ ಬೇಕಾದ ಬೀಜವನ್ನು ಹುರಿಯದೆ ಇಟ್ಟುಕೊಂಡು ಆಗಾಗ ಸ್ವಲ್ಪ ಹುರಿದು ಬೀಸಿಕೊಳ್ಳುವ ರೂಢಿ ಅಲ್ಲಿ ಹಳೆಯದು. ಹುರಿಯದ ಬೀಜದಲ್ಲಿ ತೇವಾಂಶ ಶೇಕಡಾ 10ರಿಂದ 12ರೊಳಗೆ ಇರಬೇಕು. ಅದಕ್ಕಿಂತ ಹೆಚ್ಚಿದ್ದರೆ ಬೂಷ್ಟು ಹಿಡಿಯುತ್ತದೆ, ಕುಟ್ಟೆ ಹುಳು ಬೀಳುತ್ತದೆ; ಕೆಲವು ಬೂಷ್ಟುಗಳು ಬಿಡುವ ಓಕ್ರಾಟಾಕ್ಸಿನ್ ಎಂಬ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಬೀಜವನ್ನು ಹಲ್ಲಿಗೆ ಸಿಕ್ಕಿಸಿ ಕಚ್ಚಿ, ಮೆತ್ತಗಿದೆಯೋ ಗಡುಸಾಗಿದೆಯೋ ನೋಡಿ ಒಣಗಿದ್ದನ್ನು ಅಳೆಯುವ ಅಭ್ಯಾಸ ತೋಟದವರಲ್ಲಿದೆ. ಗೋಣಿಚೀಲವನ್ನು ನೆಲಕ್ಕೂ ಗೋಡೆಗೂ ತಾಗಿಸದೆ ಮರದ ಹಲಗೆಯ ಮೇಲೆ ಇಡುತ್ತಾರೆ. ಅದೇ ಕೋಣೆಯಲ್ಲಿ ಗೊಬ್ಬರ, ಔಷಧಿ, ಸೀಮೆಎಣ್ಣೆ ಇಡುವುದಿಲ್ಲ, ಇಡಲೂಬಾರದು.

ತೇವ ಕಾಫಿಗೆ ಶತ್ರುವೆಂಬ ಮಾತಿಗೆ ಕರಾವಳಿಯಲ್ಲೇ ಒಂದು ಅಪವಾದ ಹುಟ್ಟಿಕೊಂಡಿತು. ಹಾಯಿಹಡಗುಗಳ ಕಾಲದಲ್ಲಿ ಮಲಬಾರ್ ತೀರದಿಂದ ಯುರೋಪಿಗೆ ಹೊರಟ ಕಾಫಿ ಆಫ್ರಿಕದ ತುದಿ ಸುತ್ತಿ ತಿಂಗಳುಗಟ್ಟಲೆ ಕಡಲ ತೇವದಲ್ಲಿ ಮಿಂದು ಹೋಗುತ್ತಿತ್ತು. ತಲುಪುವ ಹೊತ್ತಿಗೆ ಬೀಜ ಉಬ್ಬಿ, ಹಸಿರು ಹೋಗಿ ಹಳದಿಗೆ ತಿರುಗಿ, ಹುಳಿ ಇಳಿದು ಒಂದು ಬಗೆಯ ಗಡಸು ರುಚಿ ಪಡೆದಿರುತ್ತಿತ್ತು. ಗಿರಾಕಿಗಳಿಗೆ ಅದೇ ಒಗ್ಗಿಹೋಯಿತು. 1869ರಲ್ಲಿ ಸುಯೆಜ್ ಕಾಲುವೆ ತೆರೆದು, ಉಗಿಹಡಗುಗಳು ಬಂದು ಪ್ರಯಾಣ ಚಿಕ್ಕದಾದಾಗ ಆ ರುಚಿಯೂ ಇಲ್ಲವಾಯಿತು. ಹಾಗಾಗಿ ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರಿನ ಸುತ್ತಿನ ಗೋದಾಮುಗಳಲ್ಲಿ ಬೀಜವನ್ನು ಹರಡಿ, ಕೈಯಾಡಿಸುತ್ತ, ಮುಂಗಾರಿನ ಗಾಳಿಗೆ ಬೇಕೆಂದೇ ಒಡ್ಡುತ್ತಾರೆ. ಮಾನ್ಸೂನ್ಡ್ ಮಲಬಾರ್ ಎಂಬ ಹೆಸರಿನ ಈ ಕಾಫಿಗೆ ಭೌಗೋಳಿಕ ಗುರುತೂ ಸಿಕ್ಕಿದೆ. ಮನೆಯ ಡಬ್ಬಿಯ ಪುಡಿಗೆ ಇದನ್ನು ಸಮರ್ಥನೆಯಾಗಿ ತರುವಂತಿಲ್ಲ. ಅಲ್ಲಿ ತೇವ ತಾಗುವುದು ಹುರಿಯದ ಇಡೀ ಬೀಜಕ್ಕೆ, ಅದೂ ಅನುಭವಿಗಳ ಕಣ್ಗಾವಲಿನಲ್ಲಿ.

ಕಾಫಿಯನ್ನು ಉಳಿಸುವ ಹಂಬಲದಿಂದಲೇ ಬೆಳೆದ ಇನ್ನೊಂದು ರೂಪ ಇನ್‌ಸ್ಟಂಟ್ ಕಾಫಿ. 1929ರ ಆರ್ಥಿಕ ಕುಸಿತದ ನಂತರ ಬ್ರೆಜಿಲ್‌ನಲ್ಲಿ ಕೊಳ್ಳುವವರಿಲ್ಲದೆ ಕಾಫಿ ರಾಶಿ ಬಿತ್ತು. ಕೋಟಿಗಟ್ಟಲೆ ಮೂಟೆಗಳನ್ನು ಸುಟ್ಟರು, ಸಮುದ್ರಕ್ಕೆ ಸುರಿದರು. ಆ ಹೆಚ್ಚುವರಿಯನ್ನು ಕೆಡದಂತೆ ಇಡುವ ದಾರಿ ಕೇಳಿ ನೆಸ್ಲೆ ಕಂಪನಿಯ ಬಳಿ ಹೋದಾಗ, ಮ್ಯಾಕ್ಸ್ ಮಾರ್ಗೆಂಥಾಲರ್ ಎಂಬ ರಸಾಯನಶಾಸ್ತ್ರಜ್ಞರು ವರ್ಷಗಳ ಕಾಲ ದುಡಿದರು. 1938ರಲ್ಲಿ ನೆಸ್‌ಕೆಫೆ ಮಾರುಕಟ್ಟೆಗೆ ಬಂತು. ಈ ಪುಡಿ ಮುಚ್ಚಿದ ಬಾಟಲಿಯಲ್ಲಿ ವರ್ಷವಿಡೀ ಇರಬಲ್ಲದು. ತೇವ ತಗಲಿದರೆ ಮಾತ್ರ ಕಲ್ಲಾಗುತ್ತದೆ. ಬಾಟಲಿಯ ಬಾಯಿಗೆ ಅಂಟಿಸಿದ ಕಾಗದವನ್ನು ಅಂಚಿನವರೆಗೂ ಕಿತ್ತು ತೆಗೆಯದಿದ್ದರೆ ಮುಚ್ಚಳ ಸರಿಯಾಗಿ ಕೂರುವುದಿಲ್ಲ, ಅದರ ರೋಗವೆಲ್ಲ ಅಲ್ಲಿಂದ ಶುರು.

ಮನೆಯಲ್ಲಿರುವ ಪುಡಿ ಇನ್ನೂ ಚೆನ್ನಾಗಿದೆಯೇ ಎಂದು ತಿಳಿಯಲು ಸುಲಭದ ಪರೀಕ್ಷೆ ಫಿಲ್ಟರಿನಲ್ಲೇ ಇದೆ. ಪುಡಿಯ ಮೇಲೆ ಸ್ವಲ್ಪ ಬಿಸಿನೀರು ಹಾಕಿದಾಗ ಅದು ಉಬ್ಬಿ, ಸಣ್ಣ ಗುಳ್ಳೆಗಳೆದ್ದು ನೊರೆಗಟ್ಟಿದರೆ ಒಳಗೆ ಅನಿಲ ಉಳಿದಿದೆಯೆಂದು ಅರ್ಥ. ನೀರು ಸುಮ್ಮನೆ ಇಂಗಿ ಪುಡಿ ಕೆಸರಿನಂತೆ ಕೂತರೆ ಅದಕ್ಕೆ ವಯಸ್ಸಾಗಿದೆ. ಹಳತಾದ ಮಾತ್ರಕ್ಕೆ ಪುಡಿ ಆರೋಗ್ಯಕ್ಕೆ ಕೆಟ್ಟದ್ದಲ್ಲ, ರುಚಿಯಷ್ಟೇ ಹೋಗಿರುತ್ತದೆ. ಮುಗ್ಗಿದ ವಾಸನೆ ಬಂದರೆ, ಬಿಳಿಯದೋ ಹಸಿರೋ ಬೂಷ್ಟು ಕಂಡರೆ ಯೋಚಿಸದೆ ಗಿಡದ ಬುಡಕ್ಕೆ ಹಾಕಬೇಕು.

ಕೊನೆಗೆ ಡಿಕಾಕ್ಷನ್. ಬೆಳಿಗ್ಗೆ ಇಳಿಸಿದ್ದನ್ನು ಸಂಜೆಗೆ ಬಿಸಿಮಾಡಿ ಕುಡಿಯುವ ಮನೆಗಳೇ ಹೆಚ್ಚು. ಬಿಸಿಯಾಗಿ ಇಟ್ಟಷ್ಟು ಹೊತ್ತೂ ಅದರೊಳಗಿನ ಕೆಲವು ವಸ್ತುಗಳು ಒಡೆದು ಆಮ್ಲಗಳಾಗುತ್ತ ಹೋಗುತ್ತವೆ, ಹುಳಿ ಏರುತ್ತದೆ. ಫ್ಲಾಸ್ಕಿನಲ್ಲಿಟ್ಟ ಕಾಫಿ ಎರಡು ಗಂಟೆಯಲ್ಲೇ ಬೇರೆ ರುಚಿ ತಳೆಯುವುದು ಹೀಗೆ. ಇಳಿದ ಡಿಕಾಕ್ಷನ್ನನ್ನು ತಣಿಯಲು ಬಿಟ್ಟು, ಗಾಜಿನದೋ ಸ್ಟೀಲಿನದೋ ಪಾತ್ರೆಯಲ್ಲಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಮರುದಿನದವರೆಗೂ ಕುಡಿಯುವಂತಿರುತ್ತದೆ. ಹೊರತೆಗೆದ ಮೇಲೆ ಅದನ್ನು ಒಲೆಯ ಮೇಲೆ ಕುದಿಸಬಾರದು. ಹಾಲನ್ನು ಚೆನ್ನಾಗಿ ಕಾಯಿಸಿ, ತಣ್ಣನೆಯ ಡಿಕಾಕ್ಷನ್ನಿಗೆ ಸುರಿದರೆ ಬೇಕಾದ ಬಿಸಿ ಬಂದೇ ಬರುತ್ತದೆ. ಹಾಲು ಬೆರೆಸಿಬಿಟ್ಟ ಕಾಫಿಯನ್ನು ಮಾತ್ರ ಎತ್ತಿಡಲು ಹೋಗಬಾರದು, ಅದು ಕಾಫಿಗಿಂತ ಮೊದಲು ಹಾಲಿನ ಲೆಕ್ಕದಲ್ಲಿ ಕೆಡುತ್ತದೆ.